ತಣ್ಣಗಾದ ಕಾಲು

ಆಗ ನನಗೆ ಐವತ್ತೇಳು. ಹನ್ನೆರಡು ವರ್ಷದ ಹಿಂದಿನ ಮಾತು. ಎಳ್ಳ ಅಮಾವಾಸ್ಯೆ ಮುಗಿದು ಎಂಟು ದಿನ ಆಗಿತ್ತು. ಹೂವಿನ ಹಿಪ್ಪರಗಿಯ ನನ್ನ ಮನೆಯಲ್ಲಿ, ನನ್ನ ಪಕ್ಕದ ಹಾಸಿಗೆಯಲ್ಲಿ ಮಲಗಿದ್ದ ಒಬ್ಬ ಹೆಂಗಸಿನ ಕಾಲನ್ನು ನಡುರಾತ್ರಿ ಬ್ಯಾಟರಿ ಬೆಳಕಿನಲ್ಲಿ ನೋಡಿದೆ. ನೋಡಿದವಳ ಬಾಯಿಂದ ಕೂಗು ಹೊರಡಲಿಲ್ಲ. ಗಂಡ ಸತ್ತಾಗ ಕೂಗಿದ್ದೆ, ಮಾಳಿಗೆ ಕುಸಿದಾಗ ಕೂಗಿದ್ದೆ. ಆ ರಾತ್ರಿ ಆಗಲಿಲ್ಲ.

ಆ ಹೆಂಗಸು ಹೋದ ತಿಂಗಳು ತೀರಿಕೊಂಡಳು. ಮುದ್ದೇಬಿಹಾಳದಲ್ಲಿರುವ ಅವಳ ಮಗಳು ಫೋನು ಮಾಡಿ, "ಮೌಶಿ, ಅಮ್ಮಿ ಹೋದ್ಳು" ಅಂದಳು.

"ಹೆಂಗ ಹೋದ್ಳು?"

"ಮುಂಜಾನಿ ಚಾ ಕುಡದು, ಹಾಲ ಕಮ್ಮಿ ಹಾಕೀದಿ ಅಂತ ನನ್ನ ಬೈದು, ಗ್ವಾಡಿಗೆ ಒರಗಿ ಕುಂತ್ಳು. ಅಷ್ಟ."

ಬೈದು ಹೋದಳು ಅಂದ ಮೇಲೆ ನೆಟ್ಟಗೆ ಹೋದಳು ಎಂದು ತಿಳಿದುಕೊಂಡೆ. ಅಳು ಬರಲಿಲ್ಲ. ಆದರೆ ಅವತ್ತಿನಿಂದ ಆ ಕಾಲು ಮತ್ತೆ ಕಣ್ಣ ಮುಂದೆ ಬರಲು ಶುರುವಾಯಿತು. ಬರೆದರೆ ಹೋಗುತ್ತದೇನೋ ನೋಡೋಣ. ನನ್ನದು ಎರಡನೇ ಇಯತ್ತೆಗೆ ಶಾಲೆ ಬಿಟ್ಟವಳ ಅಕ್ಷರ. ಸುತ್ತಿ ಬಳಸಿ ಹೇಳಲು ಬರುವುದಿಲ್ಲ.

ಅವಳ ಹೆಸರು ಬರೆಯುವುದಿಲ್ಲ. ಊರಲ್ಲಿ ಯಾರೂ ಅವಳನ್ನು ಹೆಸರು ಹಿಡಿದು ಕರೆದವರೂ ಅಲ್ಲ. ಬಳೆಗಾರ್ತಿ, ಇಲ್ಲದಿದ್ದರೆ ಮುಸಲ್ಮಾನರ ಹೆಂಗಸರನ್ನು ಕರೆಯುವ ಹಾಗೆ ಬೂಬು. ಸಿಂದಗಿಯವಳು. ವಾರಕ್ಕೊಮ್ಮೆ ನಮ್ಮೂರ ಸಂತೆಯ ಹಿಂದಿನ ದಿನ ಬಸ್ಸಿಳಿದು, ತಲೆಯ ಮೇಲೆ ಬುಟ್ಟಿ ಹೊತ್ತು ಸುತ್ತಲಿನ ಹಳ್ಳಿಗಳನ್ನು ಕಾಲ್ನಡಿಗೆಯಲ್ಲೇ ತಿರುಗಿ, ದೀಪ ಹಚ್ಚುವ ಹೊತ್ತಿಗೆ ನನ್ನ ಮನೆಗೆ ಬರುವಳು. ಮರುದಿನ ಸಂತೆಯಲ್ಲಿ ಕುಳಿತು ಸಂಜೆಯ ಬಸ್ಸಿಗೆ ಹೊರಡುವಳು. ಮೊದಲ ಸಲ ಬಂದದ್ದು ಕಡೆಯ ಬಸ್ಸು ತಪ್ಪಿದ ದಿನ. ನನ್ನ ಕಟ್ಟೆಯ ಮೇಲೆ ಕುಳಿತಿದ್ದಳು.

"ಒಳಗ ಬಾ. ಹೊರಗ ನಾಯಿ ಅದಾವ" ಅಂದೆ.

"ನಾಯಿಗಿಂತ ನಿನ್ನ ಬಾಯಿ ಜೋರ ಐತಿ ಅಂತ ಕೇಳೇನಿ" ಅಂದಳು.

ಅಷ್ಟು ಅಂದು ಒಳಗೆ ಬಂದವಳು ಮುಂದೆ ಒಂಬತ್ತು ವರ್ಷ ಬಂದಳು. ನನಗಿಂತ ಆರೇಳು ವರ್ಷ ಸಣ್ಣವಳು. ಅಕ್ಕಾ ಅನ್ನುತ್ತಿದ್ದಳು.

ಕಡ್ಡಿಯಂಥ ಮೈ, ಉದ್ದ ಕತ್ತು. ಬುಟ್ಟಿಯನ್ನು ಮಂದಿ ಮುಟ್ಟಿದರೆ ಸಿಟ್ಟು. ಮಲಗಿದಾಗಲೂ ಒಂದು ಕೈ ಅದರ ಅಂಚಿನ ಮೇಲೆ ಇರುತ್ತಿತ್ತು. ಬಳೆ ತೊಡಿಸುವುದನ್ನು ನೋಡಬೇಕು. ಮೊದಲು ಕೈಯ ಎಲುಬನ್ನೆಲ್ಲ ಹಿಂಡಿ ಮೆತ್ತಗೆ ಮಾಡುವಳು. ಹುಡುಗಿ ನೋವಿಗೆ ಕೈ ಬಿಗಿ ಹಿಡಿದರೆ, "ನಿಮ್ಮತ್ತಿ ಬಾಯಾಗ ಹಲ್ಲ ಎಷ್ಟ ಅದಾವ?" ಎಂದು ಕೇಳುವಳು. ಹುಡುಗಿಗೆ ನಗೆ ಬರಬೇಕು, ಕೈ ಸಡಿಲಾಗಬೇಕು, ಅಷ್ಟರಲ್ಲಿ ಬಳೆ ಮುಂಗೈ ದಾಟಿರುತ್ತಿತ್ತು. ಕೈ ಹಿಡಿದೇ ಯಾರು ಬಸುರಿ, ಯಾರಿಗೆ ಜ್ವರ, ಯಾರು ನಾಲ್ಕು ದಿನದಿಂದ ಉಂಡಿಲ್ಲ ಎಲ್ಲ ಹೇಳುತ್ತಿದ್ದಳು. ಆದರೆ ಒಂದು ಮನೆಯ ಮಾತನ್ನು ಇನ್ನೊಂದು ಮನೆಗೆ ಒಯ್ದವಳಲ್ಲ. ನಾನೇ ಎಷ್ಟೋ ಸಲ ಕೆದಕಿದ್ದೇನೆ. "ಬ್ಯಾಡಕ್ಕಾ, ಬುಟ್ಟಿ ಭಾರ ಆಕ್ಕೈತಿ" ಅನ್ನುವಳು.

ಕೆಟ್ಟ ಮಾತನ್ನು ಬಾಯಿಗೆ ತರುತ್ತಿರಲಿಲ್ಲ. ಬಳೆ ಒಡೆಯಿತು ಅನ್ನಬಾರದು, ಹೆಚ್ಚಿತು ಅನ್ನಬೇಕು. ತೊಡಿಸಿ ಮುಗಿದ ಮೇಲೆ ಮೊಣಕೈ ತನಕ ನೇವರಿಸಿ, "ತಣ್ಣಗಿರು ಯವ್ವಾ" ಎಂದು ಕೈ ಬಿಡುವಳು. ತಣ್ಣಗೆ ಅನ್ನುವುದು ಅವಳಿಗೆ ಎಲ್ಲಕ್ಕಿಂತ ದೊಡ್ಡ ಮಾತು. ಹೊಟ್ಟೆ ತಣ್ಣಗಿರಬೇಕು, ಕಣ್ಣು ತಣ್ಣಗಿರಬೇಕು, ಮನೆ ತಣ್ಣಗಿರಬೇಕು. ಈ ಒಂದು ಮಾತೇ ಮುಂದೆ ನಮ್ಮಿಬ್ಬರ ಕಣ್ಣಿಗೆ ಮಣ್ಣು ಹಾಕಿತು.

ಮೊದಲ ಆರು ವರ್ಷ ಏನೂ ಇರಲಿಲ್ಲ. ಉಂಡು ಮಲಗಿದರೆ ಕೋಳಿ ಕೂಗುವ ತನಕ ಹೆಣದ ಹಾಗೆ ಬಿದ್ದಿರುವಳು. ಆಮೇಲೆ ರಾತ್ರಿ ಏಳುವುದು ಶುರುವಾಯಿತು. ಮೊದಲು ಒಂದು ಸಲ, ಆಮೇಲೆ ಮೂರು ಸಲ, ಆಮೇಲೆ ನಾನು ಎಣಿಸುವುದನ್ನು ಬಿಟ್ಟೆ. ಏಳುವಳು, ಬಚ್ಚಲಿಗೆ ಹೋಗುವಳು, ಬಂದು ತಂಬಿಗೆ ಎತ್ತಿ ಗಟಗಟ ನೀರು ಕುಡಿಯುವಳು, ಮಲಗುವಳು. ಕಣ್ಣು ಹತ್ತುವಷ್ಟರಲ್ಲಿ ಮತ್ತೆ ಏಳುವಳು. ನನ್ನ ನಿದ್ದೆ ಹಾಳಾಯಿತು. ನಾನು ಬೆಳಿಗ್ಗೆ ಮಂದಿಯ ಹೊಲಕ್ಕೆ ಕಳೆ ತೆಗೆಯಲು ಹೋಗುವವಳು. ಒಂದು ರಾತ್ರಿ ತಡೆಯಲಾಗದೆ ಅಂದೆ:

"ಏನ ಬೇ, ಆಲಮಟ್ಟಿ ಕೆನಾಲ ಬಿಟ್ಟಾರೇನ ನಿನ್ನ ಹೊಟ್ಟ್ಯಾಗ?"

"ಕೆನಾಲಿಗರ ಪಾಳಿ ಇರ್ತೈತಿ ಅಕ್ಕಾ. ಇದಕ್ಕ ಅದೂ ಇಲ್ಲ" ಅಂದಳು. ಕತ್ತಲೆಯಲ್ಲಿ ಇಬ್ಬರೂ ನಕ್ಕೆವು.

ನಕ್ಕದ್ದು ನೆನೆಸಿಕೊಂಡರೆ ಈಗ ಮೈ ಉರಿಯುತ್ತದೆ.

ಅದೇ ವರ್ಷ ನಾನು ಇನ್ನೊಂದು ಮಾಡಿದೆ. ಅವಳು ಮಲಗಿ ಹೋದ ಮರುದಿನ ಬಚ್ಚಲಲ್ಲಿ ಇರುವೆ ಕಾಣತೊಡಗಿದವು. ಒಂದೆರಡಲ್ಲ, ಗೋಡೆಯಿಂದ ಬಚ್ಚಲ ಕಲ್ಲಿನ ತನಕ ಸಾಲು. ಬೇರೆ ದಿನ ಇರುವುದಿಲ್ಲ, ಅವಳು ಬಂದು ಹೋದರೆ ಮಾತ್ರ. ನನ್ನ ಬೆಲ್ಲದ ಡಬ್ಬಿ ಬಚ್ಚಲಿನ ಪಕ್ಕದ ಗೂಡಿನಲ್ಲಿರುತ್ತಿತ್ತು. ನಾನು ಲೆಕ್ಕ ಹಾಕಿದೆ: ರಾತ್ರಿ ಐದಾರು ಸಲ ಏಳುತ್ತಾಳೆ, ಬಚ್ಚಲಲ್ಲಿ ಕೂಡುತ್ತಾಳೆ, ಇರುವೆ ಬರುತ್ತವೆ. ಮುಂದಿನ ವಾರ ಬಂದು ಬುಟ್ಟಿ ಇಳಿಸುತ್ತಿದ್ದ ಹಾಗೆಯೇ ಕೇಳಿದೆ.

"ರಾತ್ರಿ ಬಚ್ಚಲದಾಗ ಕುಂತು ನನ್ನ ಬೆಲ್ಲ ತಿಂತಿಯೇನ ಬೇ?"

ಅವಳು ನನ್ನನ್ನೇ ನೋಡಿದಳು. "ಏನಂದಿ?"

"ಇರುವಿ ಸುಳ್ಳ ಹೇಳ್ತಾವೇನ?"

"ಅಲ್ಲಾನ ಆಣಿ ಅಕ್ಕಾ, ಒಂದ ಚೂರ ಮುಟ್ಟಿಲ್ಲ. ಬೇಕಂದ್ರ ಕೇಳಿ ತಿಂತಿದ್ದೆ. ನಿನ್ನ ಬೆಲ್ಲಕ್ಕ ನಾ ಬಚ್ಚಲ ಸೇರಬೇಕೇನ?"

ಬುಟ್ಟಿ ಮತ್ತೆ ತಲೆಗೇರಿತು. ಆ ರಾತ್ರಿ ಬಸ್ ಸ್ಟ್ಯಾಂಡಿನ ಕಲ್ಲಿನ ಮೇಲೆ ಮಲಗಿದಳಂತೆ. ಮುಂದಿನ ವಾರವೂ ಅಲ್ಲೇ. ಮೂರನೆಯ ವಾರ ನಾನೇ ಸಂತೆಗೆ ಹೋಗಿ, ಅವಳ ಮುಂದೆ ನಿಂತು, "ಹಾಸಿಗಿ ಹಾಸೇನಿ, ಬಂದ್ರ ಬಾ" ಎಂದು ಹೇಳಿ ಬಂದೆ. ತಪ್ಪಾಯಿತು ಅನ್ನಲಿಲ್ಲ. ನನಗೆ ಆ ಮಾತು ಬರುವುದಿಲ್ಲ. ಅವಳೂ ಕೇಳಲಿಲ್ಲ. ಆದರೆ ಬಂದ ರಾತ್ರಿ ಬೆಲ್ಲದ ಡಬ್ಬಿಯನ್ನು ಗೂಡಿನಿಂದ ತೆಗೆದು ನನ್ನ ದಿಂಬಿನ ಪಕ್ಕ ಇಟ್ಟು, "ಈಗ ನಿದ್ದಿ ಮಾಡು" ಅಂದಳು. ಬೆಳಿಗ್ಗೆ ಬಚ್ಚಲಲ್ಲಿ ಇರುವೆ ಇದ್ದವು. ಬೆಲ್ಲ ಇಲ್ಲದ ಕಡೆ ಇರುವೆ ಯಾಕೆ ಬಂದವು ಎಂದು ನಾನು ಕೇಳಿಕೊಳ್ಳಲಿಲ್ಲ. ಎರಡು ಚರಗಿ ನೀರು ಹೊಡೆದು ಕೊಚ್ಚಿ ಬಿಟ್ಟೆ.

ಆಮೇಲೆ ಕಾಲು ಉರಿಯತೊಡಗಿತು. ಮಲಗಿದರೆ ಅಂಗಾಲಿಗೆ ಯಾರೋ ಮೆಣಸಿನಪುಡಿ ತಿಕ್ಕಿದ ಹಾಗೆ ಆಗುತ್ತದೆ ಅನ್ನುವಳು. ಹಗಲು ಇಲ್ಲ, ರಾತ್ರಿಯೇ. ಚಳಿಗಾಲದಲ್ಲೂ ಕೌದಿಯಿಂದ ಕಾಲು ಹೊರಗೆ ಚಾಚಿ ನೆಲದ ಕಲ್ಲಿಗೆ ಒತ್ತುವಳು. ಒಂದು ರಾತ್ರಿ ಎದ್ದು ನೋಡುತ್ತೇನೆ, ಕುಡಿಯುವ ನೀರಿನ ಕೊಡಕ್ಕೆ ಎರಡೂ ಅಂಗಾಲು ಹಚ್ಚಿಕೊಂಡು ಮಲಗಿದ್ದಾಳೆ.

"ಏ, ಕುಡಿಯೂ ನೀರಿಗೆ ಕಾಲ ಹಚ್ಚತೀಯಲ್ಲ, ನಾಚಿಕಿ ಬರಂಗಿಲ್ಲೇನ?"

"ಕೊಡಕ್ಕ ಹಚ್ಚೇನಿ, ನೀರಿಗೆ ಹಚ್ಚಿಲ್ಲ. ಭಾಳ ತಂಪ ಐತಿ ಅಕ್ಕಾ. ಬೈ, ಆದ್ರ ಸರಸಬ್ಯಾಡ."

ಬೈದೆ, ಸರಿಸಲಿಲ್ಲ. ಮುಂದಿನ ವಾರದಿಂದ ಗೋಣಿಚೀಲ ತೋಯಿಸಿ ಅವಳ ಕಾಲ ಹತ್ತಿರ ಹಾಸುತ್ತಿದ್ದೆ. ಎಣ್ಣೆ, ಲೋಳೆಸರ, ಬೆಣ್ಣೆ, ಯಾರು ಏನು ಹೇಳಿದರೂ ಹಚ್ಚಿದೆವು. ದಿನಾ ನಡೆಯುವವಳ ಕಾಲು, ಉರಿಯದೆ ಏನು ಮಾಡೀತು ಎಂದು ಊರೆಲ್ಲ ಹೇಳಿತು. ನಾನೂ ಹಾಗೆಯೇ ತಿಳಿದೆ. ಕಡೆಗೆ ನಮ್ಮೂರ ದರ್ಗಾಕ್ಕೆ ಬೇಡಿಕೊಂಡೆ. ಅವಳ ಉರಿ ಹೋದರೆ ಸಕ್ಕರೆ ಓದಿಸುತ್ತೇನೆ ಎಂದೆ. ಇದು ನಮ್ಮ ಕಡೆ ಎಲ್ಲರೂ ಮಾಡುವುದೇ. ಸಕ್ಕರೆ ಒಯ್ದು ಕೊಟ್ಟರೆ ಮುಲ್ಲಾ ಅದರ ಮೇಲೆ ಓದುತ್ತಾನೆ, ಆಮೇಲೆ ಎಲ್ಲರಿಗೂ ಹಂಚುತ್ತಾರೆ. ನಾನು ಬೇಡಿಕೊಂಡದ್ದು ಅವಳ ಸಲುವಾಗಿ ಅಲ್ಲ. ನನ್ನ ನಿದ್ದೆಯ ಸಲುವಾಗಿ.

ವರ್ಷದ ಮೇಲೆ ಒಂದು ರಾತ್ರಿ ಗೋಣಿಚೀಲ ಹಾಸಲು ಹೋದರೆ, "ಬ್ಯಾಡ ತಗಿ" ಅಂದಳು. ಮುಖ ಅರಳಿತ್ತು. "ಕಾಲ ತಣ್ಣಗಾದ್ವು ಅಕ್ಕಾ."

"ಖರೇನ?"

"ಹದಿನೈದ ದಿನ ಆತು. ಉರಿ ಪೂರಾ ಆರೇತಿ. ಕಾಲ ಅದಾವೋ ಇಲ್ಲೋ ಅನ್ನೂವಷ್ಟ ತಣ್ಣಗ ಅದಾವ."

ಕಾಲು ಇವೆಯೋ ಇಲ್ಲವೋ ಅನ್ನುವಷ್ಟು. ಆ ಮಾತು ಕೇಳಿಯೂ ನಾನು ಖುಷಿಪಟ್ಟೆ. ತಣ್ಣಗಾಯಿತು ಅಂದರೆ ನಮಗೆ ಒಳ್ಳೆಯದಾಯಿತು ಅಂತಲೇ ಅರ್ಥ. ಆ ಮಾತಿಗೆ ಬೇರೆ ಅರ್ಥ ಇರಬಹುದು ಎಂದು ಯಾರಿಗೆ ಹೊಳೆದೀತು? ಮರುದಿನ ಇಬ್ಬರೂ ದರ್ಗಾಕ್ಕೆ ಹೋಗಿ ಸಕ್ಕರೆ ಓದಿಸಿದೆವು. ಹಂಚಿ ಉಳಿದ ಸಕ್ಕರೆಯನ್ನು ಅವಳ ಅಂಗೈಯಲ್ಲಿ ನಾನೇ ಸುರಿದೆ. ಮುಕ್ಕಿ ತಿಂದಳು. "ಇನ್ನೊಂದೀಟ ಹಾಕು" ಎಂದು ಕೈ ಚಾಚಿದಳು. ಇನ್ನೊಂದಿಷ್ಟು ಹಾಕಿದೆ.

ಅಲ್ಲಿಂದ ಮುಂದೆ ಅವಳು ಒಂದೇ ಚಪ್ಪಲಿ ಹಾಕಿಕೊಂಡು ಬರುವುದು ಶುರುವಾಯಿತು. ಮೊದಲ ಸಲ ಓಣಿಯೆಲ್ಲ ಬಿದ್ದು ಬಿದ್ದು ನಕ್ಕಿತು. ಬಲಗಾಲಿನದು ಇಲ್ಲ. ಎಲ್ಲಿ ಕಳಚಿತು ಅಂದರೆ ಅವಳಿಗೆ ಗೊತ್ತಿಲ್ಲ.

"ಇನ್ನೊಂದ ಎಲ್ಲಿ ಹೋತ ಬೂಬೂ?"

"ಓಡಿ ಹೋಗಿ ಮದುವಿ ಮಾಡಕೊಂಡೈತಿ. ಇದು ಬಡವಿ, ನನ್ನ ಕೂಡ ಉಳದೈತಿ" ಎಂದು ತಾನೂ ನಕ್ಕಳು.

ಎರಡು ಹರದಾರಿ ಕಲ್ಲು ಮುಳ್ಳಿನ ದಾರಿಯಲ್ಲಿ ಒಂದು ಕಾಲು ಬರಿಗಾಲಾಗಿದ್ದು ಗೊತ್ತಾಗಲಿಲ್ಲ ಅಂದರೆ ಹೇಗೆ? ನಾನು ಕೇಳಲಿಲ್ಲ. ಬುಟ್ಟಿಯ ಕಡೆ ಲಕ್ಷ್ಯ ಇರುತ್ತದೆ, ಕಾಲಿನ ಕಡೆ ಇರುವುದಿಲ್ಲ ಎಂದುಕೊಂಡೆ.

ಆ ದೀಪಾವಳಿಯ ಹೊತ್ತಿಗೆ ನಮ್ಮ ಅಂಗನವಾಡಿಗೆ ನರ್ಸಬಾಯಿ ಬಂದು ಹೆಂಗಸರನ್ನೆಲ್ಲ ಕೂರಿಸಿದಳು. ನಾನು ಹೋದದ್ದು ಉಪ್ಪಿಟ್ಟು ಮಾಡಿಸಿದ್ದಾರೆ ಎಂದು. ಸಕ್ಕರೆ ಬೇನೆಯ ಮಾತು ಹೇಳಿದಳು. "ರಾತ್ರಿ ಮೂರ ನಾಕ ಸಲ ಒಂದಕ್ಕ ಏಳತೀರೇನ ನೋಡ್ರಿ. ಬಾಯಿ ಒಣಗತೈತೇನ ನೋಡ್ರಿ. ಅಂಗಾಲ ಉರೀತಾವೇನ ನೋಡ್ರಿ. ಒಂದಕ್ಕ ಹೋದಲ್ಲಿ ಇರುವಿ ಮುತ್ತತಾವೇನ ನೋಡ್ರಿ." ಇರುವೆ ಅಂದ ಕೂಡಲೇ ಹೆಂಗಸರೆಲ್ಲ ಸೆರಗು ಬಾಯಿಗೆ ಇಟ್ಟು ನಕ್ಕರು. ನಾನು ನಗಲಿಲ್ಲ. ನನಗೆ ಬಳೆಗಾರ್ತಿ ನೆನಪಾದಳು.

ಆದರೆ ನನ್ನ ಬುದ್ಧಿ ನನಗಿಂತ ಶಾಣೇದು. ಅದು ಕೂಡಲೇ ಸಮಾಧಾನ ಹೇಳಿತು. ಸಕ್ಕರೆ ಬೇನೆ ಕುಂತು ಉಣ್ಣುವವರದು, ಹೊಟ್ಟೆ ಬಂದ ಸಾಹುಕಾರರದು. ಅವಳು ಕಡ್ಡಿ. ದಿನಕ್ಕೆ ನಾಲ್ಕು ಊರು ನಡೆಯುವವಳು. ಮೇಲಾಗಿ ನರ್ಸಬಾಯಿ ಅಂಗಾಲು ಉರಿಯಬೇಕು ಅಂದಳು. ಅವಳ ಕಾಲು ತಣ್ಣಗಾಗಿವೆ. ಇದ್ದರೂ ಹೋಯಿತು. ಹೀಗೆಂದು ನಾನೇ ಡಾಕ್ಟರಾಗಿ ತೀರ್ಮಾನ ಮಾಡಿ ಉಪ್ಪಿಟ್ಟಿನ ಸಾಲಿಗೆ ಎದ್ದೆ. ಹಿಂದಿನಿಂದ ನರ್ಸಬಾಯಿ ಇನ್ನೂ ಹೇಳುತ್ತಿದ್ದಳು, "ಉರಿ ನಿಂತು ಕಾಲ ಜೋಮ ಹಿಡದ್ರ ಅದು ಇನ್ನೂ ಕೆಟ್ಟ ನೋಡ್ರಿ, ಗಾಯ ಆದ್ರೂ ಗೊತ್ತಾಗಂಗಿಲ್ಲ." ಅದು ಅರ್ಧ ಕಿವಿಗೆ ಬಿತ್ತು. ನಾನು ಉಪ್ಪಿಟ್ಟು ಬಡಿಸುವವಳ ಜೊತೆ ಸೌಟಿನ ಅಳತೆಗೆ ಜಗಳ ಮಾಡುತ್ತಿದ್ದೆ.

ಈಗ ಆ ರಾತ್ರಿಗೆ ಬರುತ್ತೇನೆ.

ಮಲಗುವಾಗ ಅವಳು ಬಹಳ ದಣಿದಿದ್ದಳು. ಉಂಡದ್ದು ಎರಡು ರೊಟ್ಟಿ, ಕುಡಿದದ್ದು ಅರ್ಧ ಕೊಡ ನೀರು. ಮರುದಿನ ಸಂತೆಗಿಂತ ಮೊದಲು ಒಂದು ಮದುವೆ ಮನೆಗೆ ಹೋಗಿ ಮದುಮಗಳಿಗೂ ಅವರ ಮನೆಯ ಹೆಂಗಸರಿಗೂ ಹಸಿರು ಬಳೆ ಇಡಬೇಕಿತ್ತು. ಅದಕ್ಕೆಂದು ಬುಟ್ಟಿ ತುಂಬಿಕೊಂಡು ಬಂದಿದ್ದಳು. ಎರಡು ಸಲ ಎದ್ದು ಬಚ್ಚಲಿಗೆ ಹೋಗಿ ಬಂದದ್ದು ನನಗೆ ಗೊತ್ತು. ಆಮೇಲೆ ನನಗೆ ನಿದ್ದೆ ಹತ್ತಿತು.

ಕಟಕಟ ಸಪ್ಪಳಕ್ಕೆ ಎಚ್ಚರಾಯಿತು. ಜೋಳದ ಚೀಲಕ್ಕೆ ಇಲಿ ಬಿದ್ದಿದೆ ಎಂದು ದಿಂಬಿನ ಕೆಳಗಿನ ಬ್ಯಾಟರಿ ತೆಗೆದು ಚೀಲದ ಕಡೆ ಹೊಡೆದೆ. ಅಲ್ಲಿ ಏನೂ ಇಲ್ಲ. ಸಪ್ಪಳ ಈಚೆಯಿಂದ ಬರುತ್ತಿತ್ತು. ಬೆಳಕು ತಿರುಗಿಸಿದೆ.

ಇಲಿ ಅವಳ ಕಾಲ ಹತ್ತಿರ ಕುಳಿತಿತ್ತು. ಬಲಗಾಲ ಹೆಬ್ಬೆರಳನ್ನು ತಿನ್ನುತ್ತಿತ್ತು. ಕೌದಿಯ ಅಂಚು ಕಪ್ಪಗೆ ತೊಯ್ದಿತ್ತು. ಅವಳು ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದಳು. ಬೆಳಕು ಬಿದ್ದರೂ ಇಲಿಗೆ ಅವಸರ ಇರಲಿಲ್ಲ. ನನ್ನನ್ನು ನೋಡಿತು, ಆಮೇಲೆ ಹೋಯಿತು.

ಅವಳ ಭುಜ ಹಿಡಿದು ಅಲುಗಾಡಿಸಿದೆ. ಕಣ್ಣು ಬಿಟ್ಟು, "ಚಾ ಆತೇನಕ್ಕಾ?" ಅಂದಳು.

ನಾನು ಬೆಳಕು ಹಿಡಿದು ತೋರಿಸಿದೆ. ಅವಳು ಎದ್ದು ಕುಳಿತು ಕೌದಿ ನೋಡಿದಳು. ಗಾಬರಿಯಾಗಿ ನನ್ನ ಎರಡೂ ಕೈ ಹಿಡಿದುಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿದಳು.

"ಯಾರ ನೆತ್ತರ ಅಕ್ಕಾ ಇದು? ನಿನಗೇನಾತು?"

"ನನ್ನದಲ್ಲ ಬೇ. ನಿಂದು. ಕಾಲ ನೋಡಕೊ."

ನೋಡಿಕೊಂಡಳು. ಬೇರೆ ಯಾರದೋ ಕಾಲನ್ನು ತಂದು ತನ್ನ ಹಾಸಿಗೆಯಲ್ಲಿ ಇಟ್ಟಿದ್ದಾರೆ ಅನ್ನುವ ಹಾಗೆ ನೋಡಿದಳು. "ನನಗೇನೂ ಆಗಿಲ್ಲಲ್ಲ" ಅಂದಳು.

ದೀಪ ಹಚ್ಚಿ, ನೀರು ಕಾಯಿಸಿ, ಉಪ್ಪು ಹಾಕಿ ಕಾಲು ತೊಳೆಯಲು ಕುಳಿತೆ. ಒಂಬತ್ತು ವರ್ಷದಲ್ಲಿ ಅವಳ ಅಂಗಾಲನ್ನು ನಾನು ಬೆಳಕಿನಲ್ಲಿ ನೋಡಿರಲಿಲ್ಲ. ಹಿಮ್ಮಡಿ ಕಲ್ಲಾಗಿತ್ತು, ಸೀಳು ಬಿಟ್ಟಿತ್ತು. ಒಂದು ಸೀಳಿನ ಒಳಗೆ ಏನೋ ಹಸಿರು ಮಿಂಚಿತು. ಪಿನ್ನಿನಿಂದ ಎಬ್ಬಿಸಿದೆ. ನಾನು ಎಬ್ಬಿಸುತ್ತಿದ್ದರೆ ಅವಳು ದೀಪ ನೋಡಿಕೊಂಡು, "ನಿನ್ನ ಮನ್ಯಾಗ ಒಂದ ಬೆಕ್ಕ ಸಾಕಬೇಕು ಅಕ್ಕಾ" ಎಂದು ಮಾತಾಡುತ್ತಿದ್ದಳು. ಪಿನ್ನು ಅರ್ಧ ಒಳಗೆ ಹೋಗಿತ್ತು. ನಾನು ಅವಳ ಮುಖವನ್ನೇ ನೋಡುತ್ತಿದ್ದೆ. ರೆಪ್ಪೆ ಕೂಡ ಅಲುಗಲಿಲ್ಲ.

ಬಳೆಯ ಚೂರು. ನನ್ನ ಕಿರುಬೆರಳಿನ ಒಂದು ಗೆಣ್ಣಿನಷ್ಟು ಇತ್ತು. ಹೊರಗೆ ಬಂದದ್ದೇ ಕೀವಿನ ವಾಸನೆ ಮನೆ ತುಂಬಿತು.

ಅವಳು ಅದನ್ನು ನನ್ನ ಕೈಯಿಂದ ತೆಗೆದುಕೊಂಡು, ಸೆರಗಿನಲ್ಲಿ ಒರೆಸಿ, ದೀಪಕ್ಕೆ ಹಿಡಿದು ತಿರುಗಿಸಿದಳು. ಬಳೆ ಕಂಡರೆ ಅವಳಿಗೆ ಉಳಿದದ್ದೆಲ್ಲ ಮರೆಯುತ್ತದೆ.

"ಇದು ನಾಗರ ಪಂಚಮಿ ಮಾಲ" ಅಂದಳು.

"ಹೆಂಗ ಗೊತ್ತು?"

"ಈ ಬಂಗಾರದ ಗೆರಿ ನೋಡಿಲ್ಲಿ. ಪಂಚಮಿಗೆ ಅಷ್ಟ ಬಂದಿತ್ತು. ಆಮ್ಯಾಲ ಈ ನಮೂನಿ ನಾ ತಂದಿಲ್ಲ, ನನ್ನ ಬುಟ್ಟ್ಯಾಗ ಇಲ್ಲ."

ಹೇಳಿ ಮುಗಿಸಿದ ಮೇಲೆ ತಾನು ಹೇಳಿದ್ದು ಅವಳಿಗೇ ಕೇಳಿಸಿತು. ನಾನು ಬೆರಳು ಮಡಿಚಿದೆ. ಶ್ರಾವಣ, ಭಾದ್ರಪದ, ಆಶ್ವೀಜ, ಕಾರ್ತೀಕ, ಮಾರ್ಗಶಿರ. ಐದು ತಿಂಗಳು. ಆ ಗಾಜನ್ನು ಹಿಮ್ಮಡಿಯಲ್ಲಿ ಹೊತ್ತು, ತಲೆಯ ಮೇಲೆ ಬುಟ್ಟಿ ಹೊತ್ತು, ಐದು ತಿಂಗಳು ಊರೂರು ನಡೆದಿದ್ದಾಳೆ. ನನ್ನ ಮನೆಗೆ ನಡೆದು ಬಂದಿದ್ದಾಳೆ. ನಾನು ಬಾಗಿಲು ತೆರೆದಿದ್ದೇನೆ, ಊಟಕ್ಕೆ ಹಾಕಿದ್ದೇನೆ, ಒಂಟಿ ಚಪ್ಪಲಿ ನೋಡಿ ನಕ್ಕಿದ್ದೇನೆ.

ಆಗ ಉಪ್ಪಿಟ್ಟಿನ ಸಾಲಿನಲ್ಲಿ ಅರ್ಧ ಕಿವಿಗೆ ಬಿದ್ದ ಮಾತು ಪೂರ್ತಿ ಕೇಳಿಸಿತು. ಉಳಿದವೂ ಒಂದರ ಹಿಂದೆ ಒಂದು ಬಂದವು. ರಾತ್ರಿ ಏಳುವುದು, ನೀರು, ಇರುವೆ, ಉರಿ, ತಣ್ಣಗಾದದ್ದು. ಮೂರು ವರ್ಷ, ವಾರಕ್ಕೊಂದು ರಾತ್ರಿ, ನನ್ನ ಮಗ್ಗುಲಲ್ಲೇ ಅದು ತಾನು ಯಾರೆಂದು ಹೇಳುತ್ತಾ ಬಂದಿದೆ. ನಾನು ನಿದ್ದೆ ಕೆಟ್ಟಿತು ಎಂದು ಬೈಯುತ್ತಾ ಬಂದಿದ್ದೇನೆ.

"ಏನ ಎಣಸಾಕತ್ತಿ ಅಕ್ಕಾ?"

"ನನ್ನ ದಡ್ಡತನ. ಬೂಬೂ, ನಿನಗ ಸಕ್ಕರಿ ಬ್ಯಾನಿ ಐತಿ."

ನಕ್ಕಳು. "ನನಗ ಚಾಕ್ಕ ಹಾಕಾಕ ಸಕ್ಕರಿ ಸಾಲಂಗಿಲ್ಲ, ಬ್ಯಾನಿಗೆ ಎಲ್ಲಿಂದ ತರ್ಲಿ?"

ನಾನು ನಗಲಿಲ್ಲ. ಅವಳ ನಗೆ ತಾನೇ ನಿಂತಿತು. ಕಾಲನ್ನು ಎಳೆದು ತೊಡೆಯ ಮೇಲೆ ಇಟ್ಟುಕೊಂಡು, ಬಳೆ ಇಡುವ ಮುಂಚೆ ಹೆಂಗಸರ ಕೈ ಹಿಂಡುತ್ತಾಳಲ್ಲ, ಹಾಗೆ ಹಿಂಡತೊಡಗಿದಳು. ಹಿಮ್ಮಡಿ, ಅಂಗಾಲು, ಬೆರಳು. ಉಗುರಿನಿಂದ ಚಿವುಟಿದಳು. ಗಾಯಕ್ಕೆ ಹೆಬ್ಬೆರಳು ಒತ್ತಿದಳು. ಎಷ್ಟೋ ಊರಿನ ಕೈ ಹಿಡಿದು ಒಳಗಿನದನ್ನು ಹೇಳಿದವಳು ತನ್ನ ಕಾಲನ್ನೇ ಮತ್ತೆ ಮತ್ತೆ ಹಿಂಡಿದಳು.

"ಇದು ನನ್ನ ಕಾಲ ಅಲ್ಲಕ್ಕಾ" ಅಂದಳು.

ಸಮಾಧಾನ ಹೇಳಲು ನನಗೆ ಬರುವುದಿಲ್ಲ. ಅರಿಷಿಣ ಹಚ್ಚಿ, ಹಳೆಯ ಸೀರೆ ಹರಿದು ಕಟ್ಟಿದೆ. ಕೋಲು ಹಿಡಿದು ಅವಳ ಕಾಲ ಹತ್ತಿರ ಬೆಳಗಿನ ತನಕ ಕುಳಿತೆ. ಇಲಿ ಮತ್ತೆ ಎರಡು ಸಲ ಬಂತು.

ಆಮೇಲೆ ಏನಾಯಿತು ಅಂದರೆ, ಎರಡು ಬೆರಳು ಹೋದವು, ಕಾಲು ಉಳಿಯಿತು. ಇನ್ನೊಂದು ವಾರ ಬಿಟ್ಟಿದ್ದರೆ ಮೊಣಕಾಲ ತನಕ ತೆಗೆಯಬೇಕಾಗುತ್ತಿತ್ತು ಎಂದು ಡಾಕ್ಟರು ನನ್ನನ್ನೇ ಬೈದರು. ಬೈಸಿಕೊಂಡೆ. ಅವಳು ಊರೂರು ತಿರುಗುವುದನ್ನು ಬಿಟ್ಟು ಸಿಂದಗಿಯಲ್ಲೇ ಒಂದು ಕಡೆ ಕುಳಿತು ಬಳೆ ಇಡತೊಡಗಿದಳು. ತಾನೇ ಹೊಟ್ಟೆಗೆ ಸೂಜಿ ಚುಚ್ಚಿಕೊಳ್ಳುವುದನ್ನು ಕಲಿತಳು. ಗಿರಾಕಿಗಳಿಗೆ ಮುಖ ತೋರಿಸುವ ಕನ್ನಡಿಯನ್ನೇ ಮಲಗುವ ಮುಂಚೆ ಅಂಗಾಲ ಕೆಳಗೆ ಹಿಡಿದು ನೋಡಿಕೊಳ್ಳುವಳು. ಇನ್ನೊಂದು ಚಟ ಹತ್ತಿತ್ತು. ಯಾವ ಹೆಂಗಸು ಕೈ ಚಾಚಿದರೂ, ಅತ್ತೆಯ ಹಲ್ಲಿನ ಮಾತು ಬಿಟ್ಟು, "ರಾತ್ರಿ ಎಷ್ಟ ಸಲ ಏಳ್ತಿ?" ಎಂದು ಕೇಳುವುದು. ಕೆಲವರು ಕೈ ಕಿತ್ತುಕೊಂಡು ಎದ್ದು ಹೋಗುತ್ತಿದ್ದರು. ಕೆಲವರು ಹೋಗಿ ತಪಾಸಣೆ ಮಾಡಿಸಿಕೊಂಡು ಬಂದು, ಬಿಳಿಚಿಕೊಂಡ ಮುಖದಲ್ಲಿ ಅವಳ ಮುಂದೆ ಕೂಡುತ್ತಿದ್ದರು. ನನ್ನನ್ನೂ ಬಿಡಲಿಲ್ಲ. "ಒಂದ ಸಲನೂ ಏಳಂಗಿಲ್ಲ" ಅಂದರೆ, "ನಿನಗೆಲ್ಲಿ ಬರ್ತೈತಿ ಅಕ್ಕಾ, ಅದಕ್ಕೂ ಸಿಹಿ ಮಂದಿ ಬೇಕು" ಅನ್ನುವಳು.

ಇದೆಲ್ಲ ಆಮೇಲಿನದು. ಆ ರಾತ್ರಿ ಕಳೆದ ಬೆಳಿಗ್ಗೆ ಅವಳು ಎದ್ದು, ಕಟ್ಟಿದ ಕಾಲನ್ನು ಊರಿ ನಿಂತು, ಬುಟ್ಟಿ ಹೊರಲು ಸಿಂಬಿ ತಲೆಗಿಟ್ಟುಕೊಂಡಳು.

"ಎಲ್ಲಿಗೆ?" ಅಂದೆ.

"ಮದುವಿ ಮನಿಗೆ. ಬಳಿ ಇಟ್ಟು, ಸಂತಿ ಮುಗಿಸಿ, ನಾಳಿಗೆ ದವಾಖಾನಿ ನೋಡೂಣು."

"ಈಗ ಹೋಗೂಣು. ಬಾಗೇವಾಡಿಗೆ."

"ನೋವ ಇಲ್ಲ ಅಕ್ಕಾ. ನೋವ ಇಲ್ಲದ ಗಾಯಕ್ಕ ಯಾರರ ದವಾಖಾನಿಗೆ ಓಡ್ತಾರೇನ?"

"ನೋವ ಇಲ್ಲಂತನ ಓಡಬೇಕು."

"ಮದುಮಗಳು ಬರಿಗೈಲೆ ಕುಂತಿರ್ತಾಳ. ನನಗ ಮಾತ ಕೆಡಸಾಕ ಬರಂಗಿಲ್ಲ."

ಅವಳ ಜೊತೆ ಮಾತಿನಲ್ಲಿ ಗೆದ್ದವರಿಲ್ಲ. ನಾನು ಬಗ್ಗಿ ಅವಳ ಬುಟ್ಟಿ ಎತ್ತಿ ನನ್ನ ತಲೆಯ ಮೇಲಿಟ್ಟು ಹೊರಗೆ ನಡೆದೆ.

"ಏ ಅಕ್ಕಾ! ಇಡು ಕೆಳಗ! ನನ್ನ ಬುಟ್ಟಿ ಮುಟ್ಟಬ್ಯಾಡ ಅಂತ ಎಷ್ಟ ಸಲ ಹೇಳೇನಿ!"

ಕಸ ಗುಡಿಸುತ್ತಿದ್ದ ಪಕ್ಕದ ಮನೆಯವಳು, "ಏನ ಆಯಿ, ಬಳಿಗಾರ್ತಿ ಆದ್ಯೇನ?" ಅಂದಳು. "ಮದುವಿ ಮನ್ಯಾಗ ಹೇಳು, ಬೇರೆ ಬಳಿಗಾರ್ತಿ ಕರಸಕೊಳ್ರಿ ಅಂತ. ಈಕಿ ಬರಂಗಿಲ್ಲ" ಎಂದು ಹೇಳಿ ನಿಲ್ಲದೆ ನಡೆದೆ. ಸಂತೆಗೆ ಮಂದಿಯನ್ನು ತಂದಿಳಿಸಿದ ಒಂದು ಟಂಟಂ ಆಟೋ ಬಾಗೇವಾಡಿಗೆ ಖಾಲಿ ಹೊರಟಿತ್ತು. ಬುಟ್ಟಿಯನ್ನು ಸೀಟಿನ ಮೇಲಿಟ್ಟು ಪಕ್ಕದಲ್ಲಿ ಕುಳಿತೆ. ಅವಳು ಕುಂಟುತ್ತಾ ಬೈಯುತ್ತಾ ಹಿಂದೆ ಬಂದಳು. ಕಟ್ಟಿದ ಬಟ್ಟೆ ಆಗಲೇ ಕೆಂಪಾಗಿತ್ತು.

"ಬುಟ್ಟಿ ಕೊಡು."

"ಹತ್ತಿ ತಗೋ."

ಹತ್ತಿದಳು. ಬುಟ್ಟಿಯನ್ನು ಕಸಿದು ತೊಡೆಯ ಮೇಲಿಟ್ಟುಕೊಂಡು ಎರಡೂ ತೋಳಿನಿಂದ ತಬ್ಬಿದಳು. "ಹೊಡಿ" ಎಂದು ನಾನು ಟಂಟಂನವನಿಗೆ ಅಂದೆ.

ದಾರಿಯುದ್ದಕ್ಕೂ ಬೈದಳು. ನನ್ನನ್ನು, ನನ್ನ ಮನೆಯ ಇಲಿಯನ್ನು, ರಸ್ತೆಯ ತಗ್ಗನ್ನು. ಅರ್ಧ ದಾರಿ ಕಳೆದ ಮೇಲೆ ಬೈಯುವುದು ನಿಂತಿತು. ತೊಡೆಯ ಮೇಲಿನ ಬುಟ್ಟಿ ದಾಟಿ ಕಾಲಿನ ಕಡೆ ಬಗ್ಗಿ ನೋಡಲು ಅವಳಿಗೆ ಆಗುತ್ತಿರಲಿಲ್ಲ.

"ಅಕ್ಕಾ" ಅಂದಳು, ಸಣ್ಣ ದನಿಯಲ್ಲಿ. "ನನ್ನ ಕಾಲ ನೆಲಕ್ಕ ಬಡ್ಯಾಕತ್ತೈತೇನ ನೋಡು. ಗೊತ್ತ ಆಗವಲ್ದು."

"ಇಲ್ಲ" ಅಂದೆ.

ಊರು ಬಿಟ್ಟಾಗಿನಿಂದ ಆ ಕಾಲು ನನ್ನ ಎರಡೂ ಕೈಯಲ್ಲಿತ್ತು.